ಸೊಪ್ಪಿಗೆ ನೇರಳೆ ಲೈಟೇ ಬೇಕಾ, ಬಿಳಿ ಎಲ್‌ಇಡಿ ಸಾಕಾ?

ಮೈಸೂರಿನ ಮನೆಯ ಮಹಡಿ ರೂಮಿನಲ್ಲಿ ರ‍್ಯಾಕ್ ಹಾಕಿ ಲೆಟ್ಯೂಸ್, ಪಾಲಕ್, ಕೊತ್ತಂಬರಿ, ದಂಟು ಬೆಳೆಯಬೇಕು, ಅಂಗಡಿಯವರು ಕೆಂಪು-ನೀಲಿ ಸೇರಿದ ಗ್ರೋ ಲೈಟೇ ಆಗಬೇಕು ಅಂತಿದ್ದಾರೆ, ನಿಜವಾ ಅಂತ ಕೇಳಿದ್ದೀರಿ. ಬೇಡ. ಒಳ್ಳೆಯ ಬಿಳಿ ಎಲ್‌ಇಡಿ ಸಾಕು. ನಾನೂ ಇದೇ ಊರಲ್ಲಿ ರೂಮಿನೊಳಗೆ ಸೊಪ್ಪು ಬೆಳೆಯುತ್ತೇನೆ. ಬಣ್ಣದ ಬಗ್ಗೆ ನಡೆಯುವಷ್ಟು ಚರ್ಚೆ ಬೆಳಕಿನ ಪ್ರಮಾಣದ ಬಗ್ಗೆ ನಡೆಯುವುದಿಲ್ಲ.

ಅಂಗಡಿಯವರು ಪೂರ್ತಿ ಸುಳ್ಳು ಹೇಳುತ್ತಿಲ್ಲ. ಎಲೆಯ ಕ್ಲೋರೋಫಿಲ್ ಜಾಸ್ತಿ ಹೀರುವುದು ನೀಲಿ ಮತ್ತು ಕೆಂಪು ಬೆಳಕನ್ನೇ. ಅದಕ್ಕೇ 450 ನ್ಯಾನೋಮೀಟರ್ (ಬೆಳಕಿನ ಅಲೆಯ ಉದ್ದದ ಅಳತೆ, ಬಣ್ಣ ಗುರುತಿಸುವುದು ಇದರಿಂದ) ಆಸುಪಾಸಿನ ನೀಲಿ ಎಲ್‌ಇಡಿ ಚಿಪ್ಪು, 660ರ ಕೆಂಪು ಚಿಪ್ಪು ಸೇರಿಸಿ ಆ ನೇರಳೆ ಲೈಟು ಮಾಡುತ್ತಾರೆ. ಆದರೆ ಹಸಿರು ಬೆಳಕು ಗಿಡಕ್ಕೆ ದಂಡ ಅನ್ನುವ ಮಾತು ಸರಿಯಲ್ಲ. ಎಲೆ ವಾಪಸ್ ಕಳಿಸುವುದು ಹಸಿರಿನ ಸ್ವಲ್ಪ ಭಾಗವನ್ನು ಮಾತ್ರ. ಉಳಿದದ್ದು ಕೆಲಸಕ್ಕೆ ಬರುತ್ತದೆ. 1972ರಲ್ಲೇ ಮೆಕ್‌ಕ್ರೀ ಅನ್ನುವ ವಿಜ್ಞಾನಿ 22 ಬೆಳೆಗಳ ಎಲೆ ಇಟ್ಟುಕೊಂಡು ಇದನ್ನು ಅಳೆದಿದ್ದರು. ಕೆಂಪು, ನೀಲಿ ಮೇಲಿನ ಎಲೆಯಲ್ಲೇ ಹೆಚ್ಚುಕಡಿಮೆ ಮುಗಿದುಹೋಗುತ್ತವೆ. ಹಸಿರು ಕೆಳಗಿನ ಎಲೆಗೂ ಇಳಿಯುತ್ತದೆ. ಇನ್ನು ಬಿಳಿ ಎಲ್‌ಇಡಿಯೊಳಗೆ ಇರುವುದೂ ನೀಲಿ ಚಿಪ್ಪೇ, ಮೇಲೆ ನೀಲಿಯ ಒಂದಷ್ಟನ್ನು ಬೇರೆ ಬಣ್ಣಗಳಾಗಿ ಬದಲಿಸುವ ಫಾಸ್ಫರ್ ಲೇಪ ಅಷ್ಟೇ. ನೀಲಿಗೆ ಬೇರೆ ದುಡ್ಡು ಯಾಕೆ?

ಬಣ್ಣದ ನಿಜವಾದ ಆಟ ಕಾಣುವುದು ಗಿಡದ ಆಕಾರದಲ್ಲಿ. ಬರೀ ಕೆಂಪಿನ ಕೆಳಗೆ ಲೆಟ್ಯೂಸ್ ಇಟ್ಟು ನೋಡಿ. ತೊಟ್ಟು ಉದ್ದವಾಗುತ್ತದೆ, ಎಲೆ ತೆಳ್ಳಗೆ, ಬಿಳಚಿಕೊಂಡು, ಅಂಚು ಕೆಳಕ್ಕೆ ಮಡಚಿಕೊಳ್ಳುತ್ತದೆ. ನೀಲಿ ಸೇರಿಸಿದರೆ ಗಿಡ ಗಿಡ್ಡಕ್ಕೆ, ಎಲೆ ದಪ್ಪಕ್ಕೆ ಬರುತ್ತದೆ. ಕೆಂಪು ಲೆಟ್ಯೂಸ್‌ಗೆ ಆ ಚೆಂದದ ಬಣ್ಣ ಏರುವುದೂ ನೀಲಿ ಇದ್ದಾಗಲೇ. ಹಾಗಂತ ನೀಲಿ ಅತಿಯಾದರೆ ಎಲೆ ಸಣ್ಣದಾಗಿ ತೂಕ ಬೀಳುತ್ತದೆ. ಕಣ್ಣಿಗೆ ಸರಿಯಾಗಿ ಕಾಣದ ಇನ್ನೊಂದು ಬೆಳಕಿದೆ, 730 ನ್ಯಾನೋಮೀಟರ್ ಸುತ್ತಿನ ಫಾರ್-ರೆಡ್. ಅದು ಬಿದ್ದರೆ ಪಕ್ಕದ ಗಿಡದ ನೆರಳು ಬಂತು ಅಂತ ಗಿಡ ಅಂದುಕೊಂಡು ಕತ್ತು ಚಾಚುತ್ತದೆ. ಸ್ವಲ್ಪ ಇದ್ದರೆ ಲೆಟ್ಯೂಸ್ ಎಲೆ ಅಗಲವಾಗುತ್ತದೆ. ಮನೆ ಮಟ್ಟಕ್ಕೆ ಇದರ ಗೊಡವೆ ಬೇಡ.

ನೇರಳೆ ಲೈಟಿನ ಮೇಲೆ ನನಗೆ ಇರುವ ಸಿಟ್ಟೇ ಬೇರೆ. ಅದರ ಕೆಳಗೆ ಸೊಪ್ಪೆಲ್ಲ ಕಪ್ಪಗೆ ಕಾಣುತ್ತದೆ. ಎಳೆ ಎಲೆಯ ನರ ಹಸಿರಾಗಿದ್ದು ಮಧ್ಯೆ ಹಳದಿಗಟ್ಟಿದರೆ ಕಬ್ಬಿಣದ ಕೊರತೆ ಅಂತ ಲೆಕ್ಕ. ಅದು ಆ ಬೆಳಕಲ್ಲಿ ಕಾಣುವುದೇ ಇಲ್ಲ. ಸಸ್ಯಹೇನು ಬಿದ್ದರೂ ಅಷ್ಟೇ. ಟ್ರೇ ಎತ್ತಿಕೊಂಡು ಕಿಟಕಿ ಹತ್ತಿರ ಹೋಗಬೇಕು. ಹೊರಗೆ ಬಂದ ಮೇಲೆ ಸ್ವಲ್ಪ ಹೊತ್ತು ಗೋಡೆಯೂ ಹಸಿರು ಹಸಿರು.

ಪ್ರಮಾಣಕ್ಕೆ ಬರೋಣ. ಲೆಟ್ಯೂಸ್‌ಗೆ ಎಲೆ ಮಟ್ಟದಲ್ಲಿ ಸುಮಾರು 200 ಮೈಕ್ರೋಮೋಲ್ ಬೆಳಕು (ಒಂದು ಚದರ ಮೀಟರಿಗೆ ಸೆಕೆಂಡಿಗೆ ಬೀಳುವ, ಗಿಡಕ್ಕೆ ಬಳಕೆಯಾಗುವ ಬೆಳಕಿನ ಕಣಗಳ ಲೆಕ್ಕ), ದಿನಕ್ಕೆ 16 ಗಂಟೆ ಸಾಕು. ಬಿಳಿ ಲೈಟಾದರೆ ಲಕ್ಸ್ ಮೀಟರಿನಲ್ಲೇ ಅಂದಾಜು ಸಿಗುತ್ತದೆ, 13-14 ಸಾವಿರ ಲಕ್ಸ್ ಬಂದರೆ ಹೆಚ್ಚುಕಡಿಮೆ ಅಷ್ಟೇ. ನೇರಳೆಗೆ ಈ ಲೆಕ್ಕ ನಡೆಯಲ್ಲ. ಲಕ್ಸ್ ಅನ್ನುವುದು ಮನುಷ್ಯನ ಕಣ್ಣಿನ ಅಳತೆ, ನೇರಳೆಯಲ್ಲಿ ತೀರಾ ಕಡಿಮೆ ತೋರಿಸುತ್ತದೆ. ಅಂಗಡಿಯಲ್ಲಿ ವ್ಯಾಟ್ ಕೇಳಬೇಡಿ, ಒಂದು ಜೌಲ್‌ಗೆ, ಅಂದರೆ ಒಂದು ವ್ಯಾಟ್ ಒಂದು ಸೆಕೆಂಡು ಉರಿದಷ್ಟು ಕರೆಂಟಿಗೆ, ಎಷ್ಟು ಮೈಕ್ರೋಮೋಲ್ ಅಂತ ಕೇಳಿ. 2.5 ಇದ್ದರೆ ಒಳ್ಳೆಯದು. ಅಂಥ ಲೈಟು ಒಂದು ಚದರ ಮೀಟರಿಗೆ 200 ಮೈಕ್ರೋಮೋಲ್ ಕೊಡಲು 80 ವ್ಯಾಟ್ ತಿನ್ನುತ್ತದೆ, ಅದೂ ಬೆಳಕೆಲ್ಲ ಎಲೆ ಮೇಲೇ ಬಿದ್ದರೆ. 16 ಗಂಟೆಗೆ 1.28 ಯೂನಿಟ್, ತಿಂಗಳಿಗೆ 38 ಯೂನಿಟ್ ದಾಟುತ್ತದೆ. ನಿಮ್ಮ ಚೆಸ್ಕಾಂ ಕರೆಂಟು ಬಿಲ್ಲಿನ ದರದಿಂದ ಗುಣಿಸಿ ನೋಡಿ. ಕೆಂಪು ಚಿಪ್ಪು ಜೊತೆಗಿರುವ ಬಿಳಿ ಲೈಟು ಕರೆಂಟು ಇನ್ನೂ ಸ್ವಲ್ಪ ಉಳಿಸುತ್ತದೆ. ಸಿಕ್ಕರೆ ಅದನ್ನೇ ತಗೊಳ್ಳಿ, ಇಲ್ಲದಿದ್ದರೆ ಪ್ಯಾಕಿನ ಮೇಲೆ 4000 ಕೆಲ್ವಿನ್ (ಬಿಳಿ ಬಣ್ಣದ ಛಾಯೆಯ ಅಳತೆ) ಅಂತಿರುವ ಬಿಳಿ.

ನಿಮ್ಮ ಪಟ್ಟಿಯಲ್ಲಿ ದಂಟು ಇದೆಯಲ್ಲ, ಅದನ್ನು ಕೈಬಿಡಿ. ದಂಟಿಗೆ, ಹರಿವೆಗೆ ಬೇಕಿರುವುದು ಸುಡುಬಿಸಿಲು. ಅದು ತಾರಸಿ ಮೇಲೆ ಪುಕ್ಕಟೆ ಸಿಗುತ್ತೆ ಅಲ್ವಾ? ಮಂಡ್ಯದ ಕಡೆ ಬಯಲಲ್ಲಿ ಬೆಳೆದು ಮಾರ್ಕೆಟ್ಟಿಗೆ ಬರುವ ಹರಿವೆ ಕಟ್ಟಿನ ರೇಟಿಗೆ ಕರೆಂಟಲ್ಲಿ ಬೆಳೆದು ಗಿಟ್ಟುವುದಿಲ್ಲ. ಕೊತ್ತಂಬರಿ, ಪಾಲಕ್ ಇಡಬಹುದು, ಆದರೆ 16 ಗಂಟೆ ಲೈಟು ಹಾಕಬೇಡಿ. ದಿನ ಉದ್ದವಾದರೆ, ಜೊತೆಗೆ ಸೆಕೆಯೂ ಇದ್ದರೆ, ಎಲೆ ಬಿಡುವ ಬದಲು ಹೂವಿನ ಕಾಂಡ ಎಬ್ಬಿಸಿಬಿಡುತ್ತವೆ. 12 ಗಂಟೆಗೆ ಟೈಮರ್ ಇಡಿ.

ಇನ್ನೊಂದು, ಏಪ್ರಿಲ್‌ನಲ್ಲಿ ಶುರು ಮಾಡಬೇಡಿ. ತಾರಸಿ ಕೆಳಗಿನ ಮಹಡಿ ರೂಮು ಮೊದಲೇ ಕಾದಿರುತ್ತದೆ, ಲೈಟಿನ ಕಾವೂ ಸೇರುತ್ತದೆ. ಲೆಟ್ಯೂಸ್‌ಗೆ 24 ಡಿಗ್ರಿ ದಾಟಿದರೆ ಕಷ್ಟ. ಲೈಟು ಉರಿಯುವ ಗಂಟೆಗಳು ಆದಷ್ಟು ರಾತ್ರಿ ಬರಲಿ, ಹಗಲು ಬಿಸಿ ಜಾಸ್ತಿ ಇರುವ ಹೊತ್ತಲ್ಲಿ ಆರಿಸಿ, ಒಂದು ಸಣ್ಣ ಫ್ಯಾನ್ ಎಲೆ ಅಲುಗಾಡುವಷ್ಟು ತಿರುಗುತ್ತಿರಲಿ. ಗಾಳಿ ಆಡದಿದ್ದರೆ ಎಳೆ ಎಲೆಗೆ ಕ್ಯಾಲ್ಸಿಯಂ ತಲುಪದೆ ತುದಿ ಸುಟ್ಟಂತಾಗುತ್ತದೆ. ಆಗ ಎಲ್ಲರೂ ಬೈಯುವುದು ಲೈಟನ್ನೇ.