ಹೊಲಿಗೆ ಯಂತ್ರದ ಜಾಹೀರಾತು ಬೆನ್ನು ಬಿಡುತ್ತಿಲ್ಲ, ಏನು ಮಾಡಲಿ?

ಪ್ರಶ್ನೆ: ಹೋದ ವಾರ ಒಂದು ಶಾಪಿಂಗ್ ಸೈಟಿನಲ್ಲಿ ಹೊಲಿಗೆ ಯಂತ್ರದ ಬೆಲೆ ನೋಡಿದೆ. ಕೊಳ್ಳಲಿಲ್ಲ. ಅವತ್ತಿನಿಂದ ಸುದ್ದಿ ಓದಲು ಹೋದರೂ, ಅಡುಗೆ ಸೈಟಿಗೆ ಹೋದರೂ ಅದೇ ಯಂತ್ರದ ಜಾಹೀರಾತು. ನನ್ನ ಫೋನ್ ಹ್ಯಾಕ್ ಆಗಿದೆಯಾ? ಬ್ಯಾಂಕ್ ವ್ಯವಹಾರವೂ ಇದೇ ಫೋನಿನಲ್ಲಿ ನಡೆಯುತ್ತದೆ. ಭಯವಾಗುತ್ತಿದೆ.
– ಓದುಗರೊಬ್ಬರು, ಹಾಸನ

ಉತ್ತರ: ಭಯ ಬೇಡ ಮೇಡಂ. ನೀವು ಹೇಳಿದ ಲಕ್ಷಣ ನೋಡಿದರೆ ಇದು ಹ್ಯಾಕ್ ಅಲ್ಲ, ಕುಕಿಗಳ ಕೆಲಸ. ನಿಮ್ಮ ಬ್ಯಾಂಕಿನ ಸೈಟ್ ಇಟ್ಟ ಕುಕಿಯನ್ನು ಬೇರೆ ಸೈಟ್ ಓದಲು ಬ್ರೌಸರ್ (ಸೈಟು ತೆರೆಯಲು ಬಳಸುವ ಕ್ರೋಮ್‌ನಂಥ ಆ್ಯಪ್) ಬಿಡುವುದಿಲ್ಲ.

ವೆಬ್‌ಸೈಟಿಗೆ ತಾನಾಗಿ ನೆನಪಿರುವುದಿಲ್ಲ. ಒಂದು ಪುಟ ನೋಡಿ ಇನ್ನೊಂದಕ್ಕೆ ಹೋದರೆ, ಎರಡು ಸಲವೂ ಬಂದವರು ನೀವೇ ಅಂತ ಅದಕ್ಕೆ ತಿಳಿಯದು. 1994ರಲ್ಲಿ ನೆಟ್‌ಸ್ಕೇಪ್ ಕಂಪನಿಯ ಲೂ ಮಾಂಟುಲಿ ಇದಕ್ಕೊಂದು ದಾರಿ ಹುಡುಕಿದರು. ಸೈಟು ನಿಮ್ಮ ಬ್ರೌಸರಿಗೆ ಒಂದು ಚಿಕ್ಕ ಬರಹ ಕೊಟ್ಟಿರುತ್ತದೆ. ಅದೇ ಕುಕಿ. ದೇವಸ್ಥಾನದ ಹೊರಗೆ ಚಪ್ಪಲಿ ಬಿಟ್ಟಾಗ ಕೊಡುವ ಟೋಕನ್ ಇದ್ದ ಹಾಗೆ: ಸಾಮಾನ್ಯವಾಗಿ ಹೆಸರಿರುವುದಿಲ್ಲ, ಬರೀ ನಂಬರು. ಮತ್ತೆ ಹೋದಾಗ ಬ್ರೌಸರ್ ಅದನ್ನು ತೋರಿಸುತ್ತದೆ, ಸೈಟು ಗುರುತು ಹಿಡಿಯುತ್ತದೆ. ನೀವು ಲಾಗಿನ್ ಆಗಿಯೇ ಉಳಿಯುವುದು, ಕಾರ್ಟಿಗೆ ಹಾಕಿದ್ದು ಅಲ್ಲೇ ಇರುವುದು ಇದರಿಂದಲೇ. ಇಲ್ಲಿಯವರೆಗೆ ಎಲ್ಲವೂ ಸರಿ.

ತೊಂದರೆ ಶುರುವಾಗುವುದು ಮೂರನೆಯವರಿಂದ. ಸುದ್ದಿ ಪುಟದಲ್ಲಿ ಕಾಣುವುದೆಲ್ಲ ಆ ಸುದ್ದಿ ಸೈಟಿನದೇ ಆಗಿರುವುದಿಲ್ಲ. ಜಾಹೀರಾತಿನ ಜಾಗವನ್ನು ತುಂಬುವುದು ಸಾಮಾನ್ಯವಾಗಿ ಬೇರೆ ಕಂಪನಿ. ಅದೇ ಕಂಪನಿಯ ಒಂದು ತುಣುಕು ಶಾಪಿಂಗ್ ಸೈಟಿನಲ್ಲೂ ಇರುತ್ತದೆ. ಕೆಲವು ಸಲ ಅದು ಕಣ್ಣಿಗೇ ಕಾಣದ, ಒಂದೇ ಪಿಕ್ಸೆಲ್ ಅಳತೆಯ ಚಿತ್ರ. ನೀವು ಯಂತ್ರ ನೋಡಿದಾಗ ಆ ಕಂಪನಿ ನಿಮ್ಮ ಬ್ರೌಸರಿನಲ್ಲಿ ತನ್ನ ನಂಬರ್ ಇಟ್ಟಿತು. ಅಡುಗೆ ಸೈಟಿನಲ್ಲಿ ಅದೇ ನಂಬರ್ ಮತ್ತೆ ಸಿಕ್ಕಿತು. ‘ಯಂತ್ರ ನೋಡಿದವರು ಇವರೇ’ ಅಂತ ಗೊತ್ತಾಯಿತು. ಪುಟ ತೆರೆದುಕೊಳ್ಳುವ ಅರೆಗಳಿಗೆಯಲ್ಲೇ ಆ ಜಾಗಕ್ಕಾಗಿ ಜಾಹೀರಾತುದಾರರ ನಡುವೆ ಹರಾಜು ಕೂಡ ನಡೆದಿರುತ್ತದೆ.

ಹೊಲಿಗೆ ಯಂತ್ರ ಗೊತ್ತಾದರೆ ಏನೂ ನಷ್ಟವಿಲ್ಲ, ನಿಜ. ಆದರೆ ಮಗುವಾಗದ ಚಿಂತೆಯಲ್ಲಿ ಡಾಕ್ಟರನ್ನು ಹುಡುಕಿದ್ದು, ಸಾಲ ತೀರಿಸಲಾಗದೆ ಕಾನೂನು ಓದಿದ್ದು ಕೂಡ ಹೀಗೇ ಒಂದೇ ನಂಬರಿನ ಕೆಳಗೆ ಸೇರುತ್ತಾ ಹೋಗಬಹುದು. ಮನೆಯವರಿಗೂ ಹೇಳದ ವಿಷಯ ಅಪರಿಚಿತ ಕಂಪನಿಗೆ ಯಾಕೆ ತಿಳಿಯಬೇಕು? ನನ್ನ ತಕರಾರು ಇದೇ.

ಆ್ಯಪಲ್‌ನ ಸಫಾರಿ ಬ್ರೌಸರ್ ಇಂಥ ಮೂರನೆಯವರ ಕುಕಿಗಳನ್ನು 2020ರಿಂದ ತಾನೇ ತಡೆಯುತ್ತಿದೆ. ಫೈರ್‌ಫಾಕ್ಸ್ 2022ರಿಂದ ಒಂದೊಂದು ಸೈಟಿನ ಕುಕಿಗಳನ್ನೂ ಬೇರೆ ಬೇರೆ ಇಡುತ್ತದೆ. ಕ್ರೋಮ್ ಮಾತ್ರ, ಎರಡು ವರ್ಷದಲ್ಲಿ ತೆಗೆಯುತ್ತೇವೆ ಎಂದು 2020ರಲ್ಲಿ ಹೇಳಿ, ಮತ್ತೆ ಮತ್ತೆ ಮುಂದೂಡಿ, ಕೊನೆಗೆ ಆ ಯೋಜನೆಯನ್ನೇ ಕೈಬಿಟ್ಟಿತು. ನಮ್ಮಲ್ಲಿ ಜಾಸ್ತಿ ಜನ ಬಳಸುವುದು ಅದನ್ನೇ. ಹಾಗಾಗಿ ನೀವೇ ತಡೆಯಬೇಕು. ಕ್ರೋಮ್‌ನ ಮೂರು ಚುಕ್ಕಿ ಒತ್ತಿ, ಸೆಟ್ಟಿಂಗ್ಸ್, ಅದರಲ್ಲಿ ಸೈಟ್ ಸೆಟ್ಟಿಂಗ್ಸ್, ಅದರಲ್ಲಿ ಥರ್ಡ್ ಪಾರ್ಟಿ ಕುಕೀಸ್. ಅಲ್ಲಿ ‘ಬ್ಲಾಕ್’ ಆರಿಸಿ. ಒಂದು ಸಲ ಮಾಡಿದರೆ ಸಾಕು. ಅಪರೂಪಕ್ಕೆ ಯಾವುದಾದರೂ ಸೈಟು ಸರಿಯಾಗಿ ನಡೆಯದಿದ್ದರೆ ಅದೊಂದಕ್ಕೆ ಮಾತ್ರ ಅನುಮತಿ ಕೊಡಬಹುದು.

ಆ್ಯಪ್‌ಗಳ ಕತೆ ಬೇರೆ. ಅವು ಆಂಡ್ರಾಯ್ಡ್ ಫೋನಿನ ಜಾಹೀರಾತು ಐಡಿ, ಅಂದರೆ ಜಾಹೀರಾತಿಗೆಂದೇ ಇರುವ ಗುರುತಿನ ಸಂಖ್ಯೆ ಬಳಸುತ್ತವೆ. ಹೊಸ ಫೋನುಗಳಲ್ಲಿ ಸೆಟ್ಟಿಂಗ್ಸ್‌ನ ಪ್ರೈವಸಿ ಭಾಗದಲ್ಲಿ ‘ಆ್ಯಡ್ಸ್’ ಎಂದಿರುತ್ತದೆ. ಅಲ್ಲಿ ಆ ಐಡಿಯನ್ನೇ ಅಳಿಸಿಬಿಡಿ. ಇಷ್ಟೆಲ್ಲ ಮಾಡಿದರೂ ಎಲ್ಲವೂ ನಿಲ್ಲುವುದಿಲ್ಲ. ಪರದೆಯ ಅಳತೆ, ಭಾಷೆ, ಬ್ರೌಸರಿನ ಆವೃತ್ತಿ ಇವನ್ನೆಲ್ಲ ಒಟ್ಟು ಸೇರಿಸಿ ಫೋನನ್ನು ಗುರುತಿಸುವ ವಿಧಾನವೂ ಇದೆ. ಅದನ್ನು ತಡೆಯುವುದು ಕಷ್ಟ. ಆದರೂ ನಿಮ್ಮ ಹಿಂದೆ ಬಿದ್ದವರ ಸಂಖ್ಯೆ ಖಂಡಿತ ಇಳಿಯುತ್ತದೆ.

ಪ್ರಶ್ನೆ: ಜರ್ಮನಿಯಲ್ಲಿರುವ ಮಗನ ಮನೆಗೆ ಬಂದಿದ್ದೇನೆ. ಇಲ್ಲಿ ಬಹಳ ಸೈಟುಗಳು ಮೊದಲೇ ಕುಕಿ ಬೇಕಾ, ಬೇಡವಾ ಎಂದು ಕೇಳುತ್ತವೆ. ಊರಿನಲ್ಲಿ ಹೀಗೆ ಕೇಳಿದ್ದು ಕಡಿಮೆ. ಯಾಕೆ?
– ನಿವೃತ್ತ ಶಿಕ್ಷಕರು, ಮೈಸೂರು

ಉತ್ತರ: ಅಲ್ಲಿ ಕಾನೂನು ಹಾಗಿದೆ ಸರ್. ಯುರೋಪಿನಲ್ಲಿ ಸೈಟ್ ನಡೆಸಲು ಬೇಕೇಬೇಕಾದ ಕುಕಿ ಬಿಟ್ಟು ಉಳಿದದ್ದಕ್ಕೆ ಒಪ್ಪಿಗೆ ಕೇಳಬೇಕು. ಮೊದಲೇ ಟಿಕ್ ಹಾಕಿಟ್ಟ ಬಾಕ್ಸ್ ಒಪ್ಪಿಗೆ ಆಗುವುದಿಲ್ಲ ಎಂದು ಯುರೋಪಿನ ನ್ಯಾಯಾಲಯ 2019ರಲ್ಲಿ ತೀರ್ಪು ಕೊಟ್ಟಿತು. ಆ ಪ್ರಕರಣ ಹೋಗಿದ್ದು ಜರ್ಮನಿಯಿಂದಲೇ. ಒಪ್ಪಲು ಒಂದೇ ಕ್ಲಿಕ್, ನಿರಾಕರಿಸಲು ಹಲವು ಕ್ಲಿಕ್ ಇಟ್ಟಿದ್ದಕ್ಕೆ ಫ್ರಾನ್ಸ್‌ನ ನಿಯಂತ್ರಣ ಸಂಸ್ಥೆ 2022ರ ಜನವರಿಯಲ್ಲಿ ಗೂಗಲ್‌ಗೆ 15 ಕೋಟಿ ಯೂರೊ, ಫೇಸ್‌ಬುಕ್‌ಗೆ 6 ಕೋಟಿ ಯೂರೊ ದಂಡ ಪ್ರಕಟಿಸಿತು. ನಿಮ್ಮ ಮಗನ ಫೋನಿನಲ್ಲಿ ‘ಬೇಡ’ ಗುಂಡಿ ಎದ್ದು ಕಾಣುವುದಕ್ಕೆ ಇಂಥ ಹೋರಾಟಗಳೇ ಕಾರಣ.

ನಮ್ಮಲ್ಲೂ ಬಾಗಿಲು ತೆರೆದಿದೆ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರಲ್ಲಿ ಹೇಳಿತು. ಆ ಅರ್ಜಿ ಹಾಕಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ನಮಗೆಲ್ಲ ಹೆಮ್ಮೆ ಅಲ್ವಾ? ಆಮೇಲೆ 2023ರಲ್ಲಿ ವೈಯಕ್ತಿಕ ದತ್ತಾಂಶ ರಕ್ಷಣೆಯ ಕಾಯ್ದೆ ಬಂತು. ನಿಯಮಗಳು 2025ರ ನವೆಂಬರ್‌ನಲ್ಲಿ ಬಂದವು. ಮುಖ್ಯ ಕಟ್ಟಳೆಗಳಿಗೆ 18 ತಿಂಗಳ ಕಾಲಾವಕಾಶ ಕೊಟ್ಟಿದ್ದಾರೆ. ಕಾಯ್ದೆಯಲ್ಲಿ ಕುಕಿ ಎಂಬ ಹೆಸರಿಲ್ಲ. ಆದರೆ ಒಪ್ಪಿಗೆ ಕೊಟ್ಟಷ್ಟೇ ಸುಲಭವಾಗಿ ವಾಪಸ್ ಪಡೆಯಲು ಆಗಬೇಕು ಎಂದಿದೆ. ಒಪ್ಪಿಗೆ ಕೇಳುವ ಬರಹವನ್ನು ಕನ್ನಡದಲ್ಲೇ ಓದುವ ಆಯ್ಕೆಯೂ ನಮಗೆ ಸಿಗಬೇಕು. ಸಿಗದಿದ್ದರೆ ಕೇಳೋಣ. ಕೇಳುವವರು ಹೆಚ್ಚಾದರೆ ಮಾತ್ರ ಇದು ಕಾಗದದಿಂದ ಫೋನಿಗೆ ಬರುತ್ತದೆ.

ಪ್ರಶ್ನೆ: ಬ್ರೌಸರಿನ ಇನ್‌ಕಾಗ್ನಿಟೊ (ಗುಪ್ತ) ಕಿಟಕಿಯಲ್ಲಿ ನೋಡಿದರೆ ಯಾರಿಗೂ ಗೊತ್ತಾಗಲ್ವಾ?
– ಪಿಯು ವಿದ್ಯಾರ್ಥಿ, ಧಾರವಾಡ

ಉತ್ತರ: ನಿಮ್ಮ ಫೋನ್ ತೆಗೆದು ನೋಡುವವರಿಗೆ ಗೊತ್ತಾಗಲ್ಲ, ಅಷ್ಟೇ. ಎಲ್ಲ ಇನ್‌ಕಾಗ್ನಿಟೊ ಕಿಟಕಿಗಳನ್ನು ಮುಚ್ಚಿದಾಗ ಕುಕಿ, ಹಿಸ್ಟರಿ ಅಳಿಸಿಹೋಗುತ್ತವೆ. ಆದರೆ ಸೈಟಿಗೆ ನಿಮ್ಮ ಐಪಿ ವಿಳಾಸ, ಅಂದರೆ ನಿಮ್ಮ ಇಂಟರ್ನೆಟ್ ಸಂಪರ್ಕದ ನಂಬರು ಕಾಣುತ್ತದೆ. ಯಾವ ಸೈಟಿಗೆ ಹೋದಿರಿ ಎಂಬುದು ಇಂಟರ್ನೆಟ್ ಕೊಡುವ ಕಂಪನಿಗೂ, ಕಾಲೇಜಿನ ವೈಫೈ ನೋಡಿಕೊಳ್ಳುವವರಿಗೂ ತಿಳಿಯಬಹುದು. ಅಲ್ಲೇ ಜಿಮೇಲ್‌ಗೆ ಲಾಗಿನ್ ಆದರಂತೂ ನೀವು ಯಾರೆಂದು ಗೂಗಲ್‌ಗೆ ನೀವೇ ಹೇಳಿದಂತಾಯಿತು.