ಕಡಸಿನ ಬಾಲಕ್ಕೆ ಅಂಟಿದ ರಕ್ತ

ಬ್ರಹ್ಮಾವರ ಸಮೀಪದ ಹಳ್ಳಿಯಿಂದ ಓದುಗರೊಬ್ಬರು ಬರೆದ ಪತ್ರದ ಸಾರ ಹೀಗಿದೆ: ‘ನಮ್ಮ ಜರ್ಸಿ ಮಿಶ್ರತಳಿಯ ಕಡಸು ಸೋಮವಾರ ನಸುಕಿನಿಂದ ಕೂಗುತ್ತಿತ್ತು. ಸಂಜೆ ಕೃತಕ ಗರ್ಭಧಾರಣೆ ಮಾಡಿಸಿದೆವು. ಬುಧವಾರ ಬೆಳಿಗ್ಗೆ ಹಟ್ಟಿಗೆ ಹೋದರೆ ಬಾಲಕ್ಕೆ ರಕ್ತ ಅಂಟಿತ್ತು. ನೆರೆಯವರೊಬ್ಬರು ಗಬ್ಬ ನಿಲ್ಲಲಿಲ್ಲ ಎಂದರು. ಇನ್ನೊಬ್ಬರು ಇದು ಮುಟ್ಟು, ಕಡಸನ್ನು ಬೇರೆ ಕಟ್ಟಿ ಎಂದರು. ಮನೆಯ ಹೆಣ್ಣುನಾಯಿ ರಕ್ತ ಕಾಣಿಸಿಕೊಂಡೇ ಬೆದೆಗೆ ಬರುವುದರಿಂದ ಇದೂ ಹೊಸ ಬೆದೆಯೇ ಎನ್ನುವುದು ಮಗನ ವಾದ. ಇನ್ನೊಮ್ಮೆ ಗರ್ಭಧಾರಣೆಯ ಇಂಜೆಕ್ಷನ್ ಕೊಡಿಸಬೇಕೆ?’

ಕೊಡಿಸಬೇಡಿ. ಕಡಸನ್ನು ಬೇರೆ ಕಟ್ಟುವುದೂ ಬೇಡ. ನೀವು ಕಂಡ ರಕ್ತ ಗಬ್ಬ ನಿಂತಿದೆ ಎನ್ನುವುದಕ್ಕೂ ಸಾಕ್ಷಿಯಲ್ಲ, ನಿಂತಿಲ್ಲ ಎನ್ನುವುದಕ್ಕೂ ಸಾಕ್ಷಿಯಲ್ಲ. ಬೆದೆ ಮುಗಿದು ಹೋಗಿದೆ ಎಂಬುದಷ್ಟನ್ನೇ ಅದು ತಿಳಿಸುತ್ತದೆ.

ಹಸುವಿನ ಬೆದೆ ಸಾಮಾನ್ಯವಾಗಿ 12ರಿಂದ 18 ಗಂಟೆಗಳ ಕಾಲ ಇರುತ್ತದೆ. ಆ ಹೊತ್ತಿನಲ್ಲಿ ಅಂಡಾಶಯದ ಮೇಲೆ ನೀರುಗುಳ್ಳೆಯಂತೆ ಉಬ್ಬಿದ ಕೋಶಿಕೆಯೊಂದು ಈಸ್ಟ್ರೋಜನ್ ಎಂಬ ಹಾರ್ಮೋನನ್ನು ಧಾರಾಳವಾಗಿ ಸುರಿಸುತ್ತಿರುತ್ತದೆ. ಕೂಗು, ಲೋಳೆ, ಇನ್ನೊಂದು ದನ ಮೈಮೇಲೆ ಹತ್ತಿದರೂ ಕದಲದೆ ನಿಲ್ಲುವುದು, ಇವೆಲ್ಲ ಅದರ ಫಲ. ಹಸುವಿನ ವಿಶೇಷವೆಂದರೆ ಅಂಡವು ಬೆದೆಯ ನಡುವೆ ಬಿಡುಗಡೆಯಾಗದೆ, ಬೆದೆ ಅಡಗಿ ಸುಮಾರು 10ರಿಂದ 12 ಗಂಟೆಗಳಾದ ಮೇಲೆ ಬಿಡುಗಡೆಯಾಗುತ್ತದೆ. ಬೆಳಿಗ್ಗೆ ಬೆದೆ ಕಂಡರೆ ಸಂಜೆ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ ಎಂದು ಪಶುವೈದ್ಯರು ಹೇಳುವುದು ಈ ಕಾರಣಕ್ಕಾಗಿ. ನೀವು ಅದನ್ನು ಸರಿಯಾಗಿಯೇ ಪಾಲಿಸಿದ್ದೀರಿ. ನಿಮ್ಮ ಕಡಸಿನ ಅಂಡ ಬಹುಶಃ ಮಂಗಳವಾರ ನಸುಕಿನ ಆಸುಪಾಸಿನಲ್ಲಿ ಹೊರಬಿದ್ದಿರಬೇಕು.

ಹಾಗಾದರೆ ರಕ್ತ ಎಲ್ಲಿಂದ ಬಂತು? ದನದ ಗರ್ಭಕೋಶದ ಒಳಗೋಡೆ ನುಣುಪಾಗಿರುವುದಿಲ್ಲ. ಅದರ ಮೇಲೆ ನೂರರ ಆಸುಪಾಸಿನಷ್ಟು ಗುಂಡಿಯಾಕಾರದ ಉಬ್ಬುಗಳಿವೆ. ಮುಂದೆ ಗಬ್ಬವಾದಾಗ ಕಸ, ಅಂದರೆ ಮಾಸು, ಅಂಟಿಕೊಳ್ಳುವುದು ಈ ಉಬ್ಬುಗಳಿಗೇ, ಕರು ಹಾಕಿದ ಮೇಲೆ ಕಸ ಬೀಳದೆ ನಿಂತರೆ ಅದು ಕಚ್ಚಿಕೊಂಡಿರುವುದೂ ಇವುಗಳನ್ನೇ. ಬೆದೆಯಲ್ಲಿ ಈಸ್ಟ್ರೋಜನ್ ಏರಿದಾಗ ಇಲ್ಲಿನ ಸಣ್ಣ ರಕ್ತನಾಳಗಳು ತುಂಬಿ ಉಬ್ಬುತ್ತವೆ. ಅದು ಥಟ್ಟನೆ ಇಳಿದಾಗ ಕೆಲವು ನಾಳಗಳು ಒಡೆದು ಸ್ವಲ್ಪ ರಕ್ತ ಜಿನುಗಿ, ಲೋಳೆಯೊಡನೆ ಬೆರೆತು, ಬೆದೆಯ ನಂತರದ ಒಂದರಿಂದ ಮೂರು ದಿನಗಳೊಳಗೆ ಹೊರಬರುತ್ತದೆ. ಕರು ಹಾಕಿದ ಹಸುಗಳಿಗಿಂತ ಕಡಸುಗಳಲ್ಲಿ ಇದು ಹೆಚ್ಚಾಗಿ ಕಾಣುತ್ತದೆ.

ನೆರೆಯವರ ಆತಂಕಕ್ಕೆ ಉತ್ತರ ಅಂಡನಾಳದಲ್ಲಿದೆ. ವೀರ್ಯವನ್ನು ಗರ್ಭಕೋಶದ ಕೊರಳು ದಾಟಿಸಿ ಹಾಕುತ್ತಾರಾದರೂ ಅಂಡವೂ ವೀರ್ಯಾಣುವೂ ಕೂಡುವುದು ಗರ್ಭಕೋಶದಲ್ಲಿ ಅಲ್ಲ, ಅದರಿಂದಾಚೆ ದಾರದಂತೆ ಸುತ್ತಿಕೊಂಡಿರುವ ಅಂಡನಾಳದಲ್ಲಿ. ಅಲ್ಲಿ ಫಲಿತವಾದ ಅಂಡ ಒಂದೆರಡಾಗಿ, ಎರಡು ನಾಲ್ಕಾಗಿ ಒಡೆಯುತ್ತಾ ಗರ್ಭಕೋಶಕ್ಕೆ ಇಳಿಯುವುದು ನಾಲ್ಕನೆಯ ಅಥವಾ ಐದನೆಯ ದಿನ. ಅಂದರೆ ಬುಧವಾರ ನೀವು ರಕ್ತ ಕಂಡಾಗ, ಭ್ರೂಣವೊಂದು ಇದ್ದಿದ್ದೇ ಆದರೆ, ಅದಿನ್ನೂ ರಕ್ತ ಜಿನುಗಿದ ಕೋಣೆಗೆ ಕಾಲಿಟ್ಟಿರಲೇ ಇಲ್ಲ. ಇಲ್ಲದ ಅತಿಥಿ ತೊಳೆದು ಹೋಗುವುದು ಹೇಗೆ?

ಮುಟ್ಟು ಎಂಬ ಮಾತೂ ಸರಿಯಲ್ಲ. ಹೆಂಗಸರಲ್ಲಿ ಅಂಡ ಬಿಡುಗಡೆಯಾಗಿ ಸುಮಾರು ಎರಡು ವಾರಗಳ ಮೇಲೆ, ಗರ್ಭ ನಿಲ್ಲದಿದ್ದಾಗ, ಪ್ರೊಜೆಸ್ಟರಾನ್ ಎಂಬ ಹಾರ್ಮೋನು ಇಳಿದು ಗರ್ಭಕೋಶದ ಒಳಪದರವೇ ಕಳಚಿ ಬೀಳುತ್ತದೆ. ದನದಲ್ಲಿ ಯಾವ ಪದರವೂ ಕಳಚುವುದಿಲ್ಲ. ನಾಯಿಯ ಲೆಕ್ಕವೇ ಬೇರೆ: ಅದರ ರಕ್ತ ಬೆದೆಗೆ ಮುನ್ನ, ಈಸ್ಟ್ರೋಜನ್ ಏರುತ್ತಿರುವಾಗ, ಸರಾಸರಿ ಒಂಬತ್ತು ದಿನ ಕಾಣಿಸಿಕೊಂಡು, ಆಮೇಲಷ್ಟೇ ಅದು ಗಂಡನ್ನು ಒಪ್ಪುತ್ತದೆ. ನಾಯಿಯನ್ನು ನೋಡಿ ದನವನ್ನು ಅಳೆದ ನಿಮ್ಮ ಮಗ ಒಬ್ಬಂಟಿಯಲ್ಲ. ಹಲವು ವರ್ಷಗಳ ಹಿಂದೆ ನಮ್ಮದೇ ಹಟ್ಟಿಯಲ್ಲಿ, ರಕ್ತ ಕಂಡ ದಿನ ಬೆದೆ ಬಂತೆಂದು ಸಂಭ್ರಮದಿಂದ ಇಂಜೆಕ್ಷನ್ ಕೊಡಿಸಿ, ಎರಡು ಬಾರಿ ಹಣ ಕಳೆದುಕೊಂಡವರಲ್ಲಿ ನಾನೂ ಒಬ್ಬ.

ಹಣ ಹೋಗುವುದು ದೊಡ್ಡ ನಷ್ಟವಲ್ಲ. ಬಿಡುಗಡೆಯಾದ ಅಂಡ ಫಲಿಸುವ ಶಕ್ತಿಯನ್ನು ಉಳಿಸಿಕೊಳ್ಳುವುದು ಹೆಚ್ಚೆಂದರೆ ಅರ್ಧ ದಿನ, ಆದ್ದರಿಂದ ರಕ್ತದ ದಿನ ಹಾಕಿದ ವೀರ್ಯ ವ್ಯರ್ಥ. ಮೇಲಾಗಿ ಅಂಡ ಹೊರಟ ಜಾಗದಲ್ಲಿ ಹಳದಿ ಗ್ರಂಥಿ ಬೆಳೆದು ಪ್ರೊಜೆಸ್ಟರಾನ್ ಏರತೊಡಗಿರುತ್ತದೆ. ಬೆದೆಯಲ್ಲಿ ಗರ್ಭಕೋಶಕ್ಕೆ ರೋಗಾಣುಗಳನ್ನು ಹೊರದೂಡುವ ಶಕ್ತಿ ಹೆಚ್ಚು. ಪ್ರೊಜೆಸ್ಟರಾನಿನ ಆಳ್ವಿಕೆಯಲ್ಲಿ ಅದು ಕುಗ್ಗುತ್ತದೆ. ಆಗ ನಳಿಕೆ ತೂರಿಸಿದರೆ ಸೋಂಕನ್ನು ಒಳಗೆ ಕರೆದಂತೆ.

ಇನ್ನು ಕಾಯುವುದಷ್ಟೇ ಕೆಲಸ. ಸುಮಾರು 16ನೆಯ ದಿನದ ಹೊತ್ತಿಗೆ ಗರ್ಭಕೋಶವೇ ಪ್ರೋಸ್ಟಾಗ್ಲಾಂಡಿನ್ ಎಂಬ ರಾಸಾಯನಿಕವನ್ನು ಬಿಟ್ಟು ಹಳದಿ ಗ್ರಂಥಿಯನ್ನು ಕರಗಿಸಲು ಹೊರಡುತ್ತದೆ. ಒಳಗೆ ಭ್ರೂಣವಿದ್ದರೆ ಅದು ಇಂಟರ್‌ಫೆರಾನ್ ಟೌ ಎಂಬ ಪ್ರೋಟೀನಿನ ಮೂಲಕ ತಡೆಯೊಡ್ಡುತ್ತದೆ. ತಡೆ ಬೀಳದಿದ್ದರೆ 21 ದಿನಗಳ ಚಕ್ರ ಮರಳುತ್ತದೆ. ಹಾಗಾಗಿ ಬೆದೆ ಕಂಡ ಸೋಮವಾರದಿಂದ ಲೆಕ್ಕ ಹಾಕಿ, 18ರಿಂದ 24ನೆಯ ದಿನದವರೆಗೆ ಮುಂಜಾನೆಯೂ ರಾತ್ರಿ ಮಲಗುವ ಮುನ್ನವೂ ಹಟ್ಟಿಗೆ ಹೋಗಿ ನೋಡಿ. ಬೆದೆ ಕಾಣದಿದ್ದರೆ ಎರಡು ತಿಂಗಳಾದ ಮೇಲೆ ವೈದ್ಯರಿಂದ ಗಬ್ಬದ ಪರೀಕ್ಷೆ ಮಾಡಿಸಿ. ಲಕ್ಷಣಗಳನ್ನು ತೋರದ ಮೂಕ ಬೆದೆ ಬಂದು ಹೋಗುವುದೂ ಉಂಟು. ಬೆದೆಯೇ ಗಮನಕ್ಕೆ ಬಾರದೆ ರಕ್ತವನ್ನಷ್ಟೇ ಕಂಡವರು ಅಂದಿನಿಂದ 19 ದಿನಗಳ ಆಸುಪಾಸಿನಲ್ಲಿ ಮುಂದಿನ ಬೆದೆಯನ್ನು ನಿರೀಕ್ಷಿಸಬಹುದು.

ಗಬ್ಬ ಖಚಿತವಾದ ಮೇಲೆ ರಕ್ತ ಕಂಡರೆ, ಸ್ರಾವಕ್ಕೆ ದುರ್ವಾಸನೆಯಿದ್ದರೆ, ಕೀವು ಅಥವಾ ಜ್ವರವಿದ್ದರೆ ಅದು ಬೇರೆಯೇ ಸಂಗತಿ. ಅಂದೇ ವೈದ್ಯರನ್ನು ಕರೆಸಿ. ತಿಂಗಳು ತುಂಬುವ ಮುನ್ನ ಕಂದು ಹಾಕಿದ ದನದ ಕಸವನ್ನೂ ಸ್ರಾವವನ್ನೂ ಬರಿಗೈಯಲ್ಲಿ ಮುಟ್ಟಬೇಡಿ, ಏಕೆಂದರೆ ಬ್ರುಸೆಲ್ಲಾ ರೋಗಾಣು ಅಲ್ಲಿಂದ ಮನುಷ್ಯರಿಗೂ ದಾಟುತ್ತದೆ.