ಆಕಾಶದ ಕನಸಿಗೆ ಎರಡು ಪುಸ್ತಕ

ಪ್ರಶ್ನೆ: ಜಕ್ಕೂರಿನ ವಿಮಾನಗಳನ್ನು ನೋಡುತ್ತಲೇ ಬೆಳೆದ ನನ್ನ ಮಗಳು ಪೈಲಟ್ ಆಗಬೇಕೆನ್ನುತ್ತಾಳೆ. ಅವಳಿಗೆ ಯಾವ ಪುಸ್ತಕ ಕೊಡಿಸಲಿ?
– ಓದುಗರೊಬ್ಬರು, ಬೆಂಗಳೂರು

ಉತ್ತರ: ಮೊದಲು ಕ್ಯಾಪ್ಟನ್ ಗೋಪಿನಾಥ್ ಅವರ ಆತ್ಮಕಥೆಯನ್ನು ಕೊಡಿಸಿ. ಸೇನೆಯನ್ನು ಬಿಟ್ಟು ಹಾಸನ ಜಿಲ್ಲೆಯಲ್ಲಿ ರೇಷ್ಮೆ ಕೃಷಿ ಮಾಡಿದ ಅವರು 2003ರಲ್ಲಿ ಏರ್ ಡೆಕ್ಕನ್ ವಿಮಾನಗಳನ್ನು ಹಾರಿಸಿದ ಆ ಕಥೆ ‘ಬಾನಯಾನ’ವೆಂದು ಕನ್ನಡದಲ್ಲೂ ಬಂದಿದೆ.

ಆದರೆ ನನ್ನ ಮನಸ್ಸಿಗೆ ತೀರಾ ಹತ್ತಿರವಾದುದು ಫ್ರೆಂಚ್ ವಿಮಾನ ಚಾಲಕ ಸಂತೆಕ್ಸುಪೆರಿ ಬರೆದ, 1939ರಲ್ಲಿ ಪ್ರಕಟವಾದ ‘ವಿಂಡ್, ಸ್ಯಾಂಡ್ ಅಂಡ್ ಸ್ಟಾರ್ಸ್’. 1935ರ ಕೊನೆಯಲ್ಲಿ ವಿಮಾನ ಮರುಭೂಮಿಗೆ ಅಪ್ಪಳಿಸಿದ ಮೇಲೆ, ಅವರೂ ಮೆಕ್ಯಾನಿಕ್ ಪ್ರೆವೋ ಅವರೂ ರೆಕ್ಕೆಗಳ ಮೇಲಿನ ಇಬ್ಬನಿಯನ್ನು ಬಟ್ಟೆಯಿಂದ ಒರೆಸಿ ಹಿಂಡಿ, ಬಣ್ಣವೂ ಎಣ್ಣೆಯೂ ಬೆರೆತ ಆ ತೊಟ್ಟು ನೀರಿನಿಂದ ತುಟಿ ಒದ್ದೆ ಮಾಡಿಕೊಳ್ಳುವ ಪುಟಗಳನ್ನು ಓದುವಾಗ ಇಂದಿಗೂ ನನ್ನ ಗಂಟಲು ಒಣಗುತ್ತದೆ. ಇಂಗ್ಲಿಷ್ ಅವಳಿಗೆ ಕಷ್ಟವೆನಿಸಿದರೆ, ಆ ಅಧ್ಯಾಯವನ್ನಾದರೂ ನೀವೇ ಪಕ್ಕದಲ್ಲಿ ಕುಳಿತು ಓದಿ ಹೇಳಿ.